ಬಿರುಗಾಳಿಗೆ ಸಿಕ್ಕಿದ ದ್ವೀಪಗಳಿಗೆ ಪ್ರಯಾಣಿಕರ ನೆರವು

ಕಷ್ಟದಲ್ಲಿ ಬಿದ್ದವರಿಗೆ ಕೊಡಬೇಕೆಂಬ ಮಾತನ್ನು ನಮ್ಮ ವಿದ್ಯಾರ್ಥಿನಿಯರಿಗೆ ಹೊಸದಾಗಿ ಕಲಿಸಬೇಕಾದ ಅಗತ್ಯವಿಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬದನ್ನು ಅವರು ಅಕ್ಷರ ಕಲಿಯುವದಕ್ಕೆ ಮುಂಚೆಯೇ ತಮ್ಮ ತಾಯಂದಿರಿಂದ ಕಲಿತಿರುವರು. ಆದರೆ ಏನನ್ನು ಕೊಡಬೇಕು, ಯಾವಾಗ ಕೊಡಬೇಕು, ಯಾರ ಕೈಯಲ್ಲಿ ಕೊಡಬೇಕು ಎಂಬೀ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವದು ಅಷ್ಟು ಸುಲಭವಲ್ಲ. ಮನೆಬಾಗಿಲಿನ ದಾನದಲ್ಲಿ ಬೇಡುವವನು ಕಣ್ಣೆದುರಿಗೆ ನಿಂತಿರುವದರಿಂದ ಅನ್ನ ಬೇಕೋ ಬಟ್ಟೆ ಬೇಕೋ ಎಂದು ಅವನನ್ನೇ ಕೇಳಬಹುದು. ದೂರದೇಶದ ದಾನದಲ್ಲಿಯಾದರೋ ಅವನ ಮುಖವು ಕಾಣದು, ಅವನ ಮಾತು ಕೇಳದು. ಆದಕಾರಣ ಕೊಡುವವರು ತಮ್ಮ ಮನಸ್ಸಿಗೆ ತೋಚಿದ್ದನ್ನು ಕೊಟ್ಟು ತೃಪ್ತಿಪಡುವ ಅಪಾಯವುಂಟು.

ಈ ಪಾಠದಲ್ಲಿ ನಾವು ಅಂಥಾ ದೂರದ ದಾನವೊಂದನ್ನು ವಿಚಾರಿಸುವೆವು. ಅಮೇರಿಕಾ ಖಂಡಗಳ ನಡುವಣ ಕರಿಬಿಯನ್ ಸಮುದ್ರದಲ್ಲಿಯೂ ಅದರ ನೆರೆಯಲ್ಲಿಯೂ ಇರುವ ದ್ವೀಪಗಳು ಪದೇಪದೇ ಬಿರುಗಾಳಿಗೆ ಸಿಕ್ಕಿ ಹಾಳಾಗುವವು. ಆ ದ್ವೀಪಗಳ ಚೆಲುವನ್ನು ನೋಡುವದಕ್ಕೆ ಹೋಗುವ ಪ್ರಯಾಣಿಕರು ಅಂಥಾ ಸಮಯದಲ್ಲಿ ತಮ್ಮ ದೋಣಿಗಳಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಸಾಮಾನುಗಳನ್ನು ಒಯ್ದು ಕೊಡುವದುಂಟು. ಈ ಸಹಾಯವು ಯಾವಾಗ ಫಲಕಾರಿಯಾಯಿತು, ಯಾವಾಗ ಭಾರವಾಯಿತು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬದನ್ನು ಕ್ರಮವಾಗಿ ನೋಡೋಣ.

೧. ದ್ವೀಪಗಳೂ ಬಿರುಗಾಳಿಯೂ

ನಮ್ಮ ಬಂಗಾಳ ಕೊಲ್ಲಿಯಲ್ಲಿ ಏಳುವ ಸುಳಿಗಾಳಿಗೆ ಸೈಕ್ಲೋನ್ ಎಂದು ಹೆಸರು. ಈ ಹೆಸರನ್ನು ಕೊಟ್ಟವರು ಕಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ವಿದ್ವಾಂಸರು. ಅದು ಹತ್ತೊಂಬತ್ತನೆಯ ಶತಮಾನದ ಮಧ್ಯಕಾಲದ ಮಾತು. ಅದೇ ಜಾತಿಯ ಗಾಳಿಯು ಅಟ್ಲಾಂಟಿಕ್ ಮಹಾಸಾಗರದಲ್ಲಿ ಎದ್ದರೆ ಅದನ್ನು ಹರಿಕೇನ್ ಎಂದು ಕರೆಯುವರು. ಇದು ಆ ದ್ವೀಪಗಳ ಮೂಲನಿವಾಸಿಗಳ ನುಡಿಯಿಂದ ಬಂದ ಶಬ್ದ. ಹೆಸರು ಬೇರೆಯಾದರೂ ಗಾಳಿಯ ಗುಣವು ಒಂದೇ. ಸಮುದ್ರದ ಮೇಲಣ ನೀರು ಸುಮಾರು ೨೬ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಬೆಚ್ಚಗಾದಾಗ ಅದರಿಂದ ಆವಿಯು ಮೇಲಕ್ಕೇರುವದು. ಆ ಆವಿಯು ತಣ್ಣಗಾಗಿ ಮೋಡವಾಗುವಾಗ ಅದರೊಳಗಿನ ಶಾಖವು ಹೊರಬಿದ್ದು ಗಾಳಿಗೆ ಬಲವನ್ನು ಕೊಡುವದು. ಭೂಮಿಯು ತಿರುಗುತ್ತಿರುವದರಿಂದ ಈ ಗಾಳಿಯು ನೇರವಾಗಿ ಹರಿಯದೆ ಸುಳಿಯಾಗುವದು. ಅದಕ್ಕೆ ಬೆಚ್ಚಗಿನ ನೀರೇ ಆಹಾರವು. ಒಣನೆಲಕ್ಕೆ ಬಂದ ಮೇಲೆ ಆಹಾರವಿಲ್ಲದೆ ಕುಗ್ಗುವದು.

ಅಟ್ಲಾಂಟಿಕ್ ಸಾಗರದಲ್ಲಿ ಜೂನ್ ೧ನೇ ತಾರೀಖಿನಿಂದ ನವೆಂಬರ್ ೩೦ನೇ ತಾರೀಖಿನ ವರೆಗೆ ಈ ಗಾಳಿಗಳ ಕಾಲವೆಂದು ಎಣಿಸುವರು. ತಾಸಿಗೆ ೧೧೯ ಕಿಲೋಮೀಟರು ವೇಗವನ್ನು ಮುಟ್ಟಿದ ಸುಳಿಗಾಳಿಯೇ ಹರಿಕೇನ್. ಅವುಗಳಲ್ಲಿ ಐದು ದರ್ಜೆಗಳುಂಟು. ತಾಸಿಗೆ ೨೫೨ ಕಿಲೋಮೀಟರನ್ನು ಮುಟ್ಟಿದ ಅಥವಾ ಮೀರಿದ ಗಾಳಿಯು ಐದನೆಯ ದರ್ಜೆಯದು. ಅಂಥಾ ಗಾಳಿಯ ಮುಂದೆ ತಗಡಿನ ಮಾಡುಗಳು ಎಲೆಗಳಂತೆ ಹಾರಿಹೋಗುವವು.

ದೊಡ್ಡ ದೇಶದಲ್ಲಿ ಗಾಳಿಯು ಒಂದು ಜಿಲ್ಲೆಯನ್ನು ಹಾಳುಮಾಡಿದರೆ ಪಕ್ಕದ ಜಿಲ್ಲೆಯಿಂದ ಅಕ್ಕಿಯನ್ನೂ ಆಳುಗಳನ್ನೂ ಗಾಡಿಯಲ್ಲಿ ತರಿಸಬಹುದು. ಚಿಕ್ಕ ದ್ವೀಪಕ್ಕೆ ಪಕ್ಕದ ಜಿಲ್ಲೆಯೇ ಇಲ್ಲ. ಅಲ್ಲಿಯ ಅಂಗಡಿ, ಆಸ್ಪತ್ರೆ, ಶಾಲೆ, ಬಂದರು ಎಲ್ಲವೂ ಒಂದೇ ರಾತ್ರಿಯಲ್ಲಿ ಒಟ್ಟಿಗೆ ಕೆಡುವವು. ಊಟದ ಸಾಮಾನು, ಸಿಮೆಂಟು, ಮೊಳೆ, ಔಷಧ ಮೊದಲಾದವುಗಳಲ್ಲಿ ಬಹುಪಾಲು ಸಮುದ್ರದ ಮೇಲಿನಿಂದಲೇ ಬರತಕ್ಕದ್ದು. ಬಂದರು ಕೆಟ್ಟರೆ ಮನೆಯ ಬಾಗಿಲೇ ಮುಚ್ಚಿದಂತಾಗುವದು. ದ್ವೀಪಗಳ ಕಷ್ಟವನ್ನು ತಿಳಿಯುವದಕ್ಕೆ ಈ ಒಂದು ಸಂಗತಿಯನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು.

೨. ಗಾಳಿ ನಿಂತ ಮಾರನೆಯ ದಿನ

ಇತ್ತೀಚಿನ ವರುಷಗಳಿಂದ ಕೆಲವು ದೃಷ್ಟಾಂತಗಳನ್ನು ಕೊಡುವೆವು. ೨೦೧೭ನೇ ಇಸವಿ ಸೆಪ್ಟೆಂಬರ್ ೬ನೇ ತಾರೀಖಿನಲ್ಲಿ ಇರ್ಮಾ ಎಂಬ ಹರಿಕೇನ್ ಬಾರ್ಬುಡಾ ಎಂಬ ಚಿಕ್ಕ ದ್ವೀಪದ ಮೇಲೆ ಹಾದುಹೋಯಿತು. ಅಲ್ಲಿ ಎರಡು ಸಾವಿರಕ್ಕಿಂತ ಕಡಿಮೆ ಜನರಿದ್ದರು. ಅವರ ಮನೆಗಳಲ್ಲಿ ಹೆಚ್ಚಿನವು ಕೆಟ್ಟವು. ಅದರ ಹಿಂದೆಯೇ ಮತ್ತೊಂದು ಬಿರುಗಾಳಿಯು ಬರುವ ಸೂಚನೆಯಿದ್ದದರಿಂದ ಸರಕಾರವು ಎಲ್ಲರನ್ನೂ ನೆರೆಯ ಅಂಟಿಗುವಾ ದ್ವೀಪಕ್ಕೆ ಸಾಗಿಸಿತು. ಕೆಲವು ಕಾಲ ಬಾರ್ಬುಡಾದಲ್ಲಿ ಮನುಷ್ಯರ ವಾಸವೇ ಇಲ್ಲದೆ ಹೋಯಿತು. ಅದೇ ತಿಂಗಳು ೧೮ನೇ ತಾರೀಖಿನಲ್ಲಿ ಮರಿಯಾ ಎಂಬ ಐದನೆಯ ದರ್ಜೆಯ ಗಾಳಿಯು ಡೊಮಿನಿಕಾ ಎಂಬ ಪರ್ವತಮಯವಾದ ದ್ವೀಪವನ್ನು ಹೊಡೆಯಿತು. ಆ ರಾತ್ರಿ ದೇಶದ ಪ್ರಧಾನಮಂತ್ರಿಯ ಮನೆಯ ಮಾಡೂ ಹಾರಿಹೋಯಿತು. ಹಸುರಾಗಿದ್ದ ಬೆಟ್ಟಗಳ ಮರಗಳು ಎಲೆಯುದುರಿ ಬೋಳಾಗಿ ನಿಂತವು.

೨೦೧೯ನೇ ಇಸವಿ ಸೆಪ್ಟೆಂಬರ್ ೧ನೇ ತಾರೀಖಿನಲ್ಲಿ ಡೋರಿಯನ್ ಎಂಬ ಹರಿಕೇನ್ ಬಹಾಮಾ ದೇಶದ ಅಬಾಕೋ ದ್ವೀಪಗಳಿಗೆ ಬಂದಿತು. ಅದರ ವೇಗವು ತಾಸಿಗೆ ಸುಮಾರು ೨೯೫ ಕಿಲೋಮೀಟರು. ಬಹಾಮಾ ದೇಶದಲ್ಲಿ ಸುಮಾರು ೭೦೦ ದ್ವೀಪಗಳುಂಟು. ಜನವಾಸವಿರುವವು ೩೦ರಷ್ಟು ಮಾತ್ರ. ಅವೆಲ್ಲವೂ ತಗ್ಗಾದ ಸುಣ್ಣಕಲ್ಲಿನ ನೆಲಗಳು. ಇಡೀ ದೇಶದಲ್ಲಿ ಅತ್ಯಂತ ಎತ್ತರವಾದ ಗುಡ್ಡವು ೬೩ ಮೀಟರು ಮಾತ್ರವಿರುವದು. ಗಾಳಿಯು ನೂಕಿದ ಸಮುದ್ರವು ಅಬಾಕೋದಲ್ಲಿ ಇಪ್ಪತ್ತು ಅಡಿಗಿಂತಲೂ ಎತ್ತರಕ್ಕೆ ಏರಿತು. ಅನಂತರ ಆ ಗಾಳಿಯು ಗ್ರ್ಯಾಂಡ್ ಬಹಾಮಾ ದ್ವೀಪದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಕಾಲ ಮುಂದೆ ಸಾಗದೆ ನಿಂತುಬಿಟ್ಟಿತು. ಎಪ್ಪತ್ತಕ್ಕಿಂತ ಹೆಚ್ಚು ಜನರು ಸತ್ತರೆಂದು ಸರಕಾರದ ಲೆಕ್ಕ. ಕಾಣದೆ ಹೋದವರು ನೂರಾರು ಮಂದಿ. ಮಾರ್ಶ್ ಹಾರ್ಬರ್ ಎಂಬ ಪಟ್ಟಣದ ಅಂಚಿನಲ್ಲಿ ಹೈಟಿ ದೇಶದಿಂದ ಬಂದ ಬಡ ಕೂಲಿಗಾರರು ಹಲಗೆಯ ಗುಡಿಸಲುಗಳಲ್ಲಿ ವಾಸವಾಗಿದ್ದರು; ಆ ಕೇರಿಗಳು ಸಂಪೂರ್ಣವಾಗಿ ನೆಲಸಮವಾದವು.

ಇಂಥಾ ದ್ವೀಪದಲ್ಲಿ ಗಾಳಿ ನಿಂತ ಮಾರನೆಯ ದಿನ ಮೊದಲು ಬೇಕಾಗುವದು ಕುಡಿಯುವ ನೀರು. ಸುತ್ತಲೂ ನೀರಿದ್ದರೂ ಅದು ಉಪ್ಪು. ಸುಣ್ಣಕಲ್ಲಿನ ದ್ವೀಪಗಳಲ್ಲಿ ಮಳೆಯ ನೀರು ಕಲ್ಲಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುವದು. ಸಿಹಿನೀರು ಉಪ್ಪುನೀರಿಗಿಂತ ಹಗುರವಾಗಿರುವದೇ ಇದಕ್ಕೆ ಕಾರಣ. ಬಾವಿಗಳು ಆ ಪದರದಿಂದಲೇ ನೀರನ್ನು ಕೊಡುವವು. ಸಮುದ್ರವು ನೆಲದ ಮೇಲೆ ಹರಿದಾಗ ಆ ಪದರವು ಕೆಡುವದು. ಗ್ರ್ಯಾಂಡ್ ಬಹಾಮಾದಲ್ಲಿ ಹೀಗೆಯೇ ಆಗಿ, ಬಹಳ ಕಾಲದ ವರೆಗೆ ನಲ್ಲಿಯ ನೀರು ಉಪ್ಪಾಗಿ ಉಳಿಯಿತು.

ನೀರಿನ ತರುವಾಯ ಮಾಡು. ಗೋಡೆಗಳು ನಿಂತಿದ್ದರೂ ಮೇಲೆ ಮುಚ್ಚಿಗೆಯಿಲ್ಲದಿದ್ದರೆ ಮುಂದಿನ ಮಳೆಗೆ ಹಾಸಿಗೆ, ಪುಸ್ತಕ, ಧಾನ್ಯ ಎಲ್ಲವೂ ಕೊಳೆಯುವವು. ಆದದರಿಂದ ಟಾರ್ಪಾಲು, ಹಗ್ಗ, ಮೊಳೆ, ಸುತ್ತಿಗೆ, ಬಿದ್ದ ಮರಗಳನ್ನು ಕೊಯ್ಯುವ ಗರಗಸ, ಮುರುಕು ತಗಡುಗಳನ್ನು ಎತ್ತುವದಕ್ಕೆ ದಪ್ಪ ಕೈಚೀಲಗಳು ಬೇಕು. ವಿದ್ಯುತ್ತಿನ ಕಂಬಗಳು ಬಿದ್ದಿರುವದರಿಂದ ಸೂರ್ಯನ ಬಿಸಿಲಿನಿಂದ ಉರಿಯುವ ದೀಪಗಳು ಬೇಕು. ಸಿಹಿಮೂತ್ರ, ರಕ್ತದ ಒತ್ತಡ ಮೊದಲಾದ ರೋಗಗಳಿಗೆ ದಿನಾಲು ತಕ್ಕೊಳ್ಳುವ ಔಷಧಗಳು ಬೇಕು. ಹೆಂಗಸರಿಗೂ ಬೆಳೆದ ಹುಡುಗಿಯರಿಗೂ ತಿಂಗಳಿನ ದಿವಸಗಳಲ್ಲಿ ಬೇಕಾಗುವ ಶುದ್ಧವಾದ ಬಟ್ಟೆಗಳು ಬೇಕು. ಈ ಕಡೆಯ ವಸ್ತುವನ್ನು ಬಾಯಿಬಿಟ್ಟು ಕೇಳಲು ನಾಚುವವರು ಬಹಳ. ಆದಕಾರಣ ಕೊಡುವವರೇ ತಿಳಿದು ನೆನಪಿಡತಕ್ಕದ್ದು.

೩. ಪ್ರಯಾಣಿಕರು ಮಾಡಿದ ಸಹಾಯ

ಯಾವ ದ್ವೀಪದಲ್ಲಿಯಾದರೂ ಮೊದಲು ಸಹಾಯಕ್ಕೆ ಬರುವವರು ದೂರದವರಲ್ಲ, ನೆರೆಯ ದ್ವೀಪದ ಜನರು. ಡೋರಿಯನ್ ಬೀಸಿದ ಮೇಲೆ ಸ್ಪ್ಯಾನಿಷ್ ವೆಲ್ಸ್ ಎಂಬ ದ್ವೀಪದ ಬೆಸ್ತರು ತಮ್ಮ ಮೀನುಗಾರಿಕೆಯ ದೋಣಿಗಳಲ್ಲಿ ಅಬಾಕೋಗೆ ಹೋಗಿ ಜನರನ್ನು ಕಾಪಾಡಿದರು. ಇದನ್ನು ಮೊದಲು ಹೇಳುವದು ನ್ಯಾಯ. ಪ್ರಯಾಣಿಕರ ಸಹಾಯವು ಇದಕ್ಕೆ ಕೂಡಿದ್ದೇ ಹೊರತು ಇದರ ಸ್ಥಾನಕ್ಕೆ ಬಂದದ್ದಲ್ಲ.

ಪ್ರಯಾಣಿಕರಲ್ಲಿ ನಾಲ್ಕು ವಿಧದವರನ್ನು ಕಾಣಬಹುದು. ಮೊದಲನೆಯವರು ಸ್ವಂತ ಹಾಯಿದೋಣಿಯುಳ್ಳವರು. ಇವರು ತಿಂಗಳುಗಟ್ಟಲೆ ದ್ವೀಪದಿಂದ ದ್ವೀಪಕ್ಕೆ ಸಂಚರಿಸುವರು. ೨೦೨೪ನೇ ಇಸವಿ ಜುಲೈ ೧ನೇ ತಾರೀಖಿನಲ್ಲಿ ಬೆರಿಲ್ ಎಂಬ ಗಾಳಿಯು ಗ್ರೆನಾಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನೂ ನೆರೆಯ ಯೂನಿಯನ್ ದ್ವೀಪವನ್ನೂ ಹೊಡೆದು, ಅಲ್ಲಿಯ ಕಟ್ಟಡಗಳಲ್ಲಿ ಬಹುಪಾಲನ್ನು ಕೆಡಿಸಿತು. ಆಗ ಗ್ರೆನಾಡಾದ ಬಂದರುಗಳಲ್ಲಿದ್ದ ಹಾಯಿದೋಣಿಗಾರರು ನೀರು, ಟಾರ್ಪಾಲು, ವಿದ್ಯುತ್ತನ್ನು ಹುಟ್ಟಿಸುವ ಸಣ್ಣ ಯಂತ್ರಗಳು ಮೊದಲಾದವುಗಳನ್ನು ತುಂಬಿಕೊಂಡು ಆ ದ್ವೀಪಗಳಿಗೆ ಹೋದರು. ದೊಡ್ಡ ಹಡಗುಗಳಿಗೆ ಕಟ್ಟೆಯುಳ್ಳ ಬಂದರು ಬೇಕು. ಚಿಕ್ಕ ದೋಣಿಯು ಯಾವ ಮರಳದಂಡೆಗಾದರೂ ಸಮೀಪಕ್ಕೆ ಹೋಗಬಲ್ಲದು. ಇದೇ ಅವರ ಸಹಾಯದ ವಿಶೇಷ.

ಇದೇ ರೀತಿಯ ಕೆಲಸವು ಭೂಗೋಳದ ಮತ್ತೊಂದು ಕಡೆಯಲ್ಲಿ, ಶಾಂತಸಾಗರದ ಫಿಜಿ ದ್ವೀಪಗಳಲ್ಲಿಯೂ ನಡೆಯಿತು. ೨೦೧೬ನೇ ಇಸವಿ ಫೆಬ್ರವರಿ ೨೦ನೇ ತಾರೀಖಿನಲ್ಲಿ ವಿನ್‌ಸ್ಟನ್ ಎಂಬ ಸೈಕ್ಲೋನ್ ಅಲ್ಲಿ ೪೪ ಜನರನ್ನು ಬಲಿತಕ್ಕೊಂಡಿತು. ಸೀ ಮರ್ಸಿ ಎಂಬ ಸಂಘದ ಮೂಲಕ ಹಾಯಿದೋಣಿಗಾರರು ದೂರದ ದ್ವೀಪಗಳಿಗೆ ಸಾಮಾನನ್ನು ಮುಟ್ಟಿಸಿದರು. ಅವರ ದೋಣಿಗಳಲ್ಲಿ ಕಡಲ ನೀರಿನಿಂದ ಉಪ್ಪನ್ನು ತೆಗೆದು ಕುಡಿಯುವ ನೀರನ್ನು ಮಾಡುವ ಯಂತ್ರಗಳಿದ್ದವು. ತಮ್ಮ ಪ್ರಯಾಣದ ಸುಖಕ್ಕಾಗಿ ಇಟ್ಟುಕೊಂಡಿದ್ದ ಯಂತ್ರದಿಂದಲೇ ಅವರು ಹಳ್ಳಿಯ ಕೊಡಗಳನ್ನು ತುಂಬಿಸಿದರು.

ಎರಡನೆಯವರು ಸ್ವಂತ ವಿಮಾನವುಳ್ಳವರು. ಗ್ರ್ಯಾಂಡ್ ಬಹಾಮಾ ದ್ವೀಪವು ಅಮೇರಿಕದ ಫ್ಲೋರಿಡಾ ಪ್ರಾಂತದಿಂದ ನೂರು ಕಿಲೋಮೀಟರಿನಷ್ಟು ಮಾತ್ರ ದೂರವಿರುವದು. ರಜಾದಿನಗಳಲ್ಲಿ ವಿಹಾರಕ್ಕಾಗಿ ಅಲ್ಲಿಗೆ ಹಾರಿಹೋಗುತ್ತಿದ್ದವರು ಡೋರಿಯನ್ನಿನ ತರುವಾಯ ತಮ್ಮ ಸಣ್ಣ ವಿಮಾನಗಳಲ್ಲಿ ಸಾಮಾನನ್ನು ಒಯ್ದು, ಹಿಂತಿರುಗುವಾಗ ಗಾಯಗೊಂಡವರನ್ನೂ ಮುದುಕರನ್ನೂ ಕೂಡ್ರಿಸಿಕೊಂಡು ಬಂದರು. ಮೂರನೆಯವರು ವಿಹಾರದ ದೊಡ್ಡ ಹಡಗುಗಳವರು. ಅದೇ ಸೆಪ್ಟೆಂಬರ್ ತಿಂಗಳಲ್ಲಿ ಗ್ರ್ಯಾಂಡ್ ಸೆಲೆಬ್ರೇಷನ್ ಎಂಬ ಹಡಗು ಫ್ಲೋರಿಡಾದಿಂದ ಆಹಾರವನ್ನೂ ನೀರನ್ನೂ ಸ್ವಯಂಸೇವಕರನ್ನೂ ಗ್ರ್ಯಾಂಡ್ ಬಹಾಮಾಕ್ಕೆ ಒಯ್ದಿತು. ೭ನೇ ತಾರೀಖಿನಲ್ಲಿ ಅದು ಸಾವಿರಕ್ಕಿಂತ ಹೆಚ್ಚು ಮಂದಿ ನಿರಾಶ್ರಿತರೊಂದಿಗೆ ಹಿಂತಿರುಗಿತು. ವಿಹಾರದ ಕೋಣೆಗಳು ಮನೆ ಕಳಕೊಂಡವರ ವಸತಿಯಾದವು.

ನಾಲ್ಕನೆಯವರು ದೋಣಿಯೂ ವಿಮಾನವೂ ಇಲ್ಲದ ಸಾಮಾನ್ಯ ಪ್ರಯಾಣಿಕರು. ಇವರಿಗಿರುವದು ಒಂದು ಪೆಟ್ಟಿಗೆ ಮಾತ್ರ. ಆದರೆ ಆ ಪೆಟ್ಟಿಗೆಯಲ್ಲಿ ಒಂದು ಮೂಲೆಯುಂಟು. ೨೦೧೦ನೇ ಇಸವಿಯಲ್ಲಿ ಅಮೇರಿಕದಲ್ಲಿ ಪ್ಯಾಕ್ ಫಾರ್ ಎ ಪರ್ಪಸ್ ಎಂಬ ಸಂಘವು ಹುಟ್ಟಿತು. ಪ್ರತಿಯೊಬ್ಬ ಪ್ರಯಾಣಿಕನು ತನ್ನ ಪೆಟ್ಟಿಗೆಯಲ್ಲಿ ಐದು ಪೌಂಡು, ಅಂದರೆ ಎರಡೂಕಾಲು ಕಿಲೋಗ್ರಾಮಿನಷ್ಟು ಸಾಮಾನನ್ನು ತಾನು ಹೋಗುವ ಊರಿನ ಶಾಲೆಗಾಗಿ ಅಥವಾ ಚಿಕಿತ್ಸಾಲಯಕ್ಕಾಗಿ ಒಯ್ಯಬೇಕೆಂಬದು ಅದರ ಸೂಚನೆ. ಐದು ಪೌಂಡಿನಲ್ಲಿ ಏನಾದೀತೆಂದು ಕೇಳುವವರಿಗೆ ಆ ಸಂಘವು ಕೊಡುವ ಲೆಕ್ಕವು ಇದು: ೪೦೦ ಸೀಸದಕಡ್ಡಿಗಳು, ಅಥವಾ ಗಾಳಿ ತೆಗೆದು ಮಡಿಚಿದ ಐದು ಕಾಲ್ಚೆಂಡುಗಳೂ ಗಾಳಿ ತುಂಬುವ ಕೊಳವೆಯೂ, ಅಥವಾ ವೈದ್ಯರು ಎದೆಯ ಬಡಿತವನ್ನು ಕೇಳುವ ನಳಿಗೆ, ರಕ್ತದ ಒತ್ತಡವನ್ನು ಅಳೆಯುವ ಪಟ್ಟಿ, ಇವುಗಳೊಂದಿಗೆ ೫೦೦ ಗಾಯದಪಟ್ಟಿಗಳು. ಮುಖ್ಯವಾದ ಮಾತೇನಂದರೆ, ಏನನ್ನು ಒಯ್ಯಬೇಕೆಂಬದನ್ನು ಪ್ರಯಾಣಿಕನು ಊಹಿಸುವದಿಲ್ಲ. ಆ ಊರಿನ ಶಾಲೆಯವರೇ ಬೇಕಾದ ವಸ್ತುಗಳ ಪಟ್ಟಿಯನ್ನು ಮೊದಲು ಕೊಟ್ಟಿರುವರು.

೪. ಭಾರವಾದ ಕಾಣಿಕೆಗಳು

ಇನ್ನು ಇದರ ಮತ್ತೊಂದು ಪಕ್ಕವನ್ನು ನೋಡತಕ್ಕದ್ದು. ಒಳ್ಳೇ ಮನಸ್ಸಿನಿಂದ ಕೊಟ್ಟದ್ದೂ ಕೇಡನ್ನು ಮಾಡಬಹುದೇ? ಮಾಡಬಹುದೆಂದು ಅನುಭವವು ಹೇಳುವದು.

೧೯೯೮ನೇ ಇಸವಿಯಲ್ಲಿ ಮಿಚ್ ಎಂಬ ಹರಿಕೇನ್ ಮಧ್ಯ ಅಮೇರಿಕದ ಹೊಂಡುರಾಸ್ ದೇಶದಲ್ಲಿಯೂ ನೆರೆಯ ದೇಶಗಳಲ್ಲಿಯೂ ಸಾವಿರಾರು ಜನರನ್ನು ಕೊಂದಿತು. ಅಲ್ಲಿ ಕೆಲಸಮಾಡಿದ ಅಮೇರಿಕದ ಅಧಿಕಾರಿಣಿಯೊಬ್ಬರು ತಿಳಿಸಿದ ಸಂಗತಿಯೇನಂದರೆ, ಪರಿಹಾರದ ಸಾಮಾನನ್ನು ತಂದ ವಿಮಾನಕ್ಕೆ ಇಳಿಯುವ ಸ್ಥಳವಿರಲಿಲ್ಲ. ಯಾಕಂದರೆ ವಿಮಾನವು ಇಳಿಯುವ ಹಾದಿಯ ಮೇಲೆ ಯಾರೂ ಕೇಳದೆ ಬಂದ ಬಟ್ಟೆಗಳ ಗಂಟುಗಳು ಬಿದ್ದಿದ್ದವು. ಆ ಬಟ್ಟೆಗಳಲ್ಲಿ ಹಿಮದ ದೇಶದವರು ಚಳಿಗಾಲದಲ್ಲಿ ತೊಡುವ ದಪ್ಪ ಕೋಟುಗಳಿದ್ದವು. ಹೊಂಡುರಾಸ್ ಉಷ್ಣದೇಶವು! ಕೊಟ್ಟವರಿಗೆ ತಮ್ಮ ಪೆಟಾರಿಯು ಖಾಲಿಯಾಯಿತೆಂಬ ಸಂತೋಷ. ಹಸಿದವರಿಗೆ ಅನ್ನದ ವಿಮಾನವು ಇಳಿಯಲಿಲ್ಲವೆಂಬ ದುಃಖ.

೨೦೦೪ನೇ ಇಸವಿಯ ಸುನಾಮಿಯ ತರುವಾಯ ಇಂಡೋನೇಷ್ಯದ ಆಚೆ ಪ್ರಾಂತಕ್ಕೆ ಸಾವಿರಾರು ಟನ್ನು ಔಷಧಗಳು ಬಂದವು. ಅವುಗಳಲ್ಲಿ ಅನೇಕವುಗಳ ಮೇಲಣ ಬರಹವು ಅಲ್ಲಿಯವರಿಗೆ ತಿಳಿಯದ ಭಾಷೆಗಳಲ್ಲಿತ್ತು. ಕೆಲವುಗಳ ಅವಧಿಯು ಮುಗಿದಿತ್ತು. ಬೇಡವಾದ ಔಷಧವನ್ನು ಹಾಗೆಯೇ ಬಿಸಾಡಕೂಡದು. ಅದನ್ನು ಅಪಾಯವಾಗದಂತೆ ನಾಶಮಾಡುವದಕ್ಕೂ ಹಣ ಬೇಕು. ಮರಿಯಾ ಗಾಳಿಯು ಪೋರ್ಟೋರಿಕೋ ದ್ವೀಪವನ್ನು ಹೊಡೆದ ಸುಮಾರು ಹನ್ನೊಂದು ತಿಂಗಳ ಮೇಲೆ, ೨೦೧೮ನೇ ಇಸವಿ ಆಗಸ್ಟ್ ತಿಂಗಳಲ್ಲಿ, ದಾನವಾಗಿ ಬಂದ ಆಹಾರವನ್ನು ತುಂಬಿದ್ದ ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ಹಂಚಲ್ಪಡದೆ ಹಾಗೆಯೇ ಉಳಿದು, ಇಲಿಗಳು ಸೇರಿ ಕೆಟ್ಟಿರುವದು ಕಂಡುಬಂತು. ಕೊಡುವದೂ ಸಾಗಿಸುವದೂ ಆದ ಮೇಲೆ ಹಂಚುವ ಕೈಗಳಿಲ್ಲದಿದ್ದರೆ ಧಾನ್ಯವು ಇಲಿಗಳ ಪಾಲಾಗುವದು.

ನೀರಿನ ವಿಷಯದಲ್ಲಿ ಅದೇ ಅಧಿಕಾರಿಣಿಯವರು ಹೇಳಿದ ಒಂದು ಲೆಕ್ಕವು ನಮ್ಮ ಗಣಿತದ ತರಗತಿಗೆ ತಕ್ಕದ್ದು. ಒಂದು ಲಕ್ಷ ಲೀಟರು ನೀರು ನಲವತ್ತು ಸಾವಿರ ಜನರಿಗೆ ಒಂದು ದಿನದ ಕುಡಿಯುವಿಕೆಗೆ ಸಾಕು. ಅಷ್ಟು ನೀರನ್ನು ಸೀಸೆಗಳಲ್ಲಿ ತುಂಬಿ ಅಮೇರಿಕದಿಂದ ಪಶ್ಚಿಮ ಆಫ್ರಿಕಕ್ಕೆ ಕಳುಹಿಸಿದರೆ ತಗಲುವ ವೆಚ್ಚವು ಸುಮಾರು ಮೂರು ಲಕ್ಷ ಡಾಲರು. ಅಷ್ಟನ್ನೇ ನೀರು ಶುದ್ಧಮಾಡುವ ಯಂತ್ರದಿಂದ ಅಲ್ಲಿಯೇ ಸಿದ್ಧಪಡಿಸಿದರೆ ಸುಮಾರು ಮುನ್ನೂರು ಡಾಲರು. ಹಾಗಾದರೆ ಒಂದು ದಿನದ ಸೀಸೆನೀರಿನ ಹಣದಿಂದ ಎಷ್ಟು ದಿನಗಳ ನೀರನ್ನು ಕೊಡಬಹುದು? ಸಾವಿರ ದಿನಗಳದ್ದು, ಅಂದರೆ ಎರಡು ಮುಕ್ಕಾಲು ವರುಷದಷ್ಟು ಎಂದು ಉತ್ತರ ಬರುವದು. ಮೊದಲ ಒಂದೆರಡು ದಿನ ಬೇರೆ ಗತಿಯಿಲ್ಲದಾಗ ಸೀಸೆಯ ನೀರು ಪ್ರಾಣವನ್ನು ಉಳಿಸುವದು. ಆ ಮೇಲೆಯೂ ಅದನ್ನೇ ಕಳುಹಿಸುತ್ತಿರುವದು ವಿವೇಕವಲ್ಲ.

ದಾನವಾಗಿ ಬಂದ ಹಸುವಿನ ಹಲ್ಲನ್ನು ಹಿಡಿದು ನೋಡಬಾರದೆಂಬ ಗಾದೆಯುಂಟು. ಅದು ಪಡೆಯುವವರಿಗೆ ಹೇಳಿದ ಬುದ್ಧಿ. ಕೊಡುವವರು ಮಾತ್ರ ಹಸುವನ್ನು ಹಟ್ಟಿಯಿಂದ ಬಿಡುವದಕ್ಕೆ ಮುಂಚೆ ಹಲ್ಲನ್ನೂ ಕೆಚ್ಚಲನ್ನೂ ಚೆನ್ನಾಗಿ ನೋಡಲೇಬೇಕು.

೫. ಕೊಡುವವರು ತಿಳಿಯತಕ್ಕ ನಿಯಮಗಳು

ಮೇಲಿನ ದೃಷ್ಟಾಂತಗಳಿಂದ ಕೆಲವು ನಿಯಮಗಳನ್ನು ತೆಗೆಯಬಹುದು.

ಮೊದಲನೆಯದು, ಕೇಳಿ ಒಯ್ಯಬೇಕು. ದ್ವೀಪದ ಶಾಲೆಯ ಉಪಾಧ್ಯಾಯಿನಿಯೋ ದಾದಿಯೋ ಊರಿನ ಸಂಘದವರೋ ಬರೆದುಕೊಟ್ಟ ಪಟ್ಟಿಯು ನಮ್ಮ ನೂರು ಊಹೆಗಳಿಗಿಂತ ಮೇಲು. ಈ ವಾರ ಬೇಕಾದದ್ದು ಮುಂದಿನ ವಾರ ಬೇಡವಾಗಬಹುದು. ಆದದರಿಂದ ಹೊರಡುವ ಮುಂಚೆ ಮತ್ತೊಮ್ಮೆ ಕೇಳತಕ್ಕದ್ದು.

ಎರಡನೆಯದು, ದ್ವೀಪದಲ್ಲಿ ದೊರೆಯುವದನ್ನು ಹೊರಗಿನಿಂದ ಒಯ್ಯಬಾರದು. ಅಂಗಡಿಯು ತೆರೆದ ಮೇಲೆ ಅಕ್ಕಿಯನ್ನೂ ಸಾಬೂನನ್ನೂ ಅಲ್ಲಿಯೇ ಕೊಂಡು ಕೊಟ್ಟರೆ ಬಡವನಿಗೆ ಅನ್ನವಾಗುವದು, ಅಂಗಡಿಯವನಿಗೆ ವ್ಯಾಪಾರವಾಗುವದು. ಪುಕ್ಕಟೆ ಸಾಮಾನು ರಾಶಿರಾಶಿಯಾಗಿ ಬಂದರೆ ಗಾಳಿಗೆ ಉಳಿದ ಅಂಗಡಿಯು ದಾನಕ್ಕೆ ಮುಚ್ಚಿಹೋಗುವದು.

ಮೂರನೆಯದು, ಔಷಧಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಒಯ್ಯಬಾರದು. ಲೋಕಾರೋಗ್ಯ ಸಂಸ್ಥೆಯು ೧೯೯೬ನೇ ಇಸವಿಯಲ್ಲಿ ಔಷಧದಾನದ ವಿಷಯವಾಗಿ ನಿಯಮಗಳನ್ನು ಪ್ರಕಟಿಸಿತು. ಔಷಧವು ಪಡೆಯುವವರು ಕೇಳಿದ್ದಾಗಿರಬೇಕು, ಅದರ ಹೆಸರು ಅಲ್ಲಿಯ ವೈದ್ಯರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅಲ್ಲಿಗೆ ಮುಟ್ಟಿದ ಮೇಲೆ ಸಾಮಾನ್ಯವಾಗಿ ಇನ್ನೂ ಒಂದು ವರುಷವಾದರೂ ಅವಧಿ ಉಳಿದಿರಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ಎಳೇ ಕೂಸುಗಳ ಹಾಲಿನ ಪುಡಿಯ ವಿಷಯದಲ್ಲಿಯೂ ಹಾಗೆಯೇ. ಶುದ್ಧವಾದ ನೀರಿಲ್ಲದ ಕಡೆಯಲ್ಲಿ ಅದನ್ನು ಕಲಸಿ ಕುಡಿಸಿದರೆ ಕೂಸಿಗೆ ಭೇದಿಯಾಗುವದು. ತಾಯಿಯ ಹಾಲೂ ಕಡಿಮೆಯಾಗುವದು. ಆದಕಾರಣ ತಿಳಿದವರು ಅದನ್ನು ಕಂಡಕಂಡವರಿಗೆ ಹಂಚಬಾರದೆಂದು ಎಚ್ಚರಿಸುವರು.

ನಾಲ್ಕನೆಯದು, ಸಾಮಾನು ಆ ಸ್ಥಳಕ್ಕೆ ಹೊಂದಬೇಕು. ಬಹಾಮಾದ ವಿದ್ಯುತ್ತು ಅಮೇರಿಕದಂತೆ ೧೨೦ ವೋಲ್ಟಿನದು; ಡೊಮಿನಿಕಾದಲ್ಲಿ ೨೩೦ ವೋಲ್ಟು. ಒಂದು ದ್ವೀಪದಲ್ಲಿ ನಡೆಯುವ ಯಂತ್ರವು ಮತ್ತೊಂದರಲ್ಲಿ ಸುಟ್ಟುಹೋದೀತು. ಸೂರ್ಯನ ಬೆಳಕಿನ ದೀಪಕ್ಕೆ ಈ ತೊಂದರೆಯಿಲ್ಲ.

ಐದನೆಯದು, ಸುಂಕದ ಕಟ್ಟೆಯನ್ನು ಮರೆಯಬಾರದು. ಡೋರಿಯನ್ನಿನ ತರುವಾಯ ಬಹಾಮಾ ಸರಕಾರವು ಪರಿಹಾರದ ಸಾಮಾನಿಗೆ ಸುಂಕವನ್ನು ಬಿಟ್ಟುಕೊಟ್ಟಿತು. ಆದರೆ ಅಂಥಾ ರಿಯಾಯಿತಿಗೆ ಕಾಲದ ಮಿತಿಯೂ ಕಾಗದಪತ್ರಗಳ ಕ್ರಮವೂ ಇರುವವು. ವಿಚಾರಿಸದೆ ಹೋದವರ ಪೆಟ್ಟಿಗೆಯು ಬಂದರಿನಲ್ಲಿಯೇ ಉಳಿದೀತು.

ಆರನೆಯದು, ಹೋಗುವವನು ಭಾರವಾಗಬಾರದು. ಗಾಳಿ ನಿಂತ ಮೊದಲ ದಿನಗಳಲ್ಲಿ ದ್ವೀಪದಲ್ಲಿರುವ ಅನ್ನ, ನೀರು, ಹಾಸಿಗೆ ಎಲ್ಲವೂ ಸ್ವಲ್ಪ. ತನ್ನ ಊಟವನ್ನೂ ನೀರನ್ನೂ ತಾನೇ ತಾರದೆ ಬಂದ ಸಹಾಯಕನು ಮತ್ತೊಬ್ಬ ನಿರಾಶ್ರಿತನೇ ಸರಿ.

ಏಳನೆಯದು, ತಿಳಿದ ಕೈಗೆ ಒಪ್ಪಿಸಬೇಕು. ದೋಣಿಯ ಮೇಲೆ ನಿಂತು ದಂಡೆಯಲ್ಲಿ ಕೂಡಿದವರ ಕಡೆಗೆ ಎಸೆದರೆ ಬಲವಂತರಿಗೆ ಎರಡು ಸಿಕ್ಕುವವು. ವಿಧವೆಗೂ ಕುಂಟನಿಗೂ ಒಂದೂ ಸಿಕ್ಕದು. ಯಾವ ಮನೆಯಲ್ಲಿ ಕೂಸುಂಟು, ಯಾವ ಮನೆಯಲ್ಲಿ ಮುದುಕಿಯು ಒಬ್ಬಳೇ ಇರುವಳು ಎಂಬದನ್ನು ಆ ಊರಿನವರೇ ಬಲ್ಲರು.

೬. ಅತಿಥಿಯ ಋಣ

ಹೀಗೆ ವಿಚಾರಿಸುವಾಗ ಒಂದು ಸಂದೇಹವು ಬರಬಹುದು. ದೊಡ್ಡ ಸಂಘಗಳೂ ಸರಕಾರಗಳೂ ಇರುವಾಗ ಪ್ರಯಾಣಿಕನ ಐದು ಪೌಂಡಿನ ಗಂಟು ಯಾತಕ್ಕೆ? ಹಣವನ್ನು ಕಳುಹಿಸುವದೇ ಮೇಲಲ್ಲವೇ? ಮೊದಲ ದಿನಗಳ ಮಟ್ಟಿಗೆ ಇದು ಹೆಚ್ಚಾಗಿ ನಿಜವೆಂದು ನಾವು ಒಪ್ಪುವೆವು. ಹಣವು ಹಗುರ, ಬೇಗನೆ ಮುಟ್ಟುವದು, ಬೇಕಾದ ವಸ್ತುವಾಗಿ ಮಾರ್ಪಡುವದು. ಆದರೆ ಪ್ರಯಾಣಿಕನಿಗೆ ಎರಡು ವಿಶೇಷವಾದ ಶಕ್ತಿಗಳುಂಟು. ಅವನು ಹೇಗೂ ಹೋಗುವವನಾದದರಿಂದ ಸಾಗಣೆಗೆ ಬೇರೆ ವೆಚ್ಚವಿಲ್ಲ. ಇದಲ್ಲದೆ ಅವನು ಆ ಊರನ್ನೂ ಜನರನ್ನೂ ಕಂಡವನು. ಅಲ್ಲಿಯ ಅಡಿಗೆಯನ್ನು ಉಂಡವನು. ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂದು ನಮ್ಮ ಹಿರಿಯರು ಹೇಳಿರುವರು. ಆ ಮನೆಯ ಜಂತೆಯು ಗಾಳಿಗೆ ಹಾರಿಹೋದ ಮೇಲಾದರೋ ಎಷ್ಟು ಬೇಕೆಂದು ಎಣಿಸಿ ಕೇಳುವದೇ ಅತಿಥಿಯ ಧರ್ಮ.

ಬಹಾಮಾ ದೇಶದ ಆದಾಯದಲ್ಲಿ ಸುಮಾರು ಅರ್ಧವು ಪ್ರಯಾಣಿಕರಿಂದಲೇ ಬರುವದು. ಡೋರಿಯನ್ ಹೊಡೆದದ್ದು ಉತ್ತರದ ದ್ವೀಪಗಳನ್ನು. ರಾಜಧಾನಿಯಾದ ನಸ್ಸಾವೂ ಮಿಕ್ಕ ಹಲವು ದ್ವೀಪಗಳೂ ಕೆಡದೆ ಉಳಿದಿದ್ದವು. ಆದರೂ ಇಡೀ ದೇಶವೇ ಮುಳುಗಿತೆಂದು ಭಾವಿಸಿ ಅನೇಕರು ತಮ್ಮ ಪ್ರಯಾಣವನ್ನು ನಿಲ್ಲಿಸಿದರು. ಆಗ ಅಲ್ಲಿಯವರು ದಯವಿಟ್ಟು ಬನ್ನಿರಿ, ನೀವು ಬಂದರೆ ನಮ್ಮ ನೆರೆಯವರಿಗೆ ನಾವೇ ಸಹಾಯಮಾಡಬಲ್ಲೆವು ಎಂಬ ಅರ್ಥದಿಂದ ಬೇಡಿಕೊಂಡರು. ಅಡಿಗೆಯವಳಿಗೂ ದೋಣಿನಡಿಸುವವನಿಗೂ ಬುಟ್ಟಿ ಹೆಣೆಯುವವಳಿಗೂ ಅವರ ಕೆಲಸವನ್ನು ಹಿಂದಕ್ಕೆ ಕೊಡುವದು ಟಾರ್ಪಾಲು ಕೊಡುವದಕ್ಕಿಂತ ಕಡಿಮೆಯಾದ ದಾನವಲ್ಲ. ಕೊಂಡ ಬುಟ್ಟಿಗೆ ಬೆಲೆ ತೆತ್ತಾಗ ಕೊಟ್ಟವಳ ತಲೆ ತಗ್ಗುವದಿಲ್ಲ.

ಮತ್ತೊಂದು ಮಾತನ್ನು ಮುಖ್ಯವಾಗಿ ಹೇಳಬೇಕು. ಗಾಳಿ ಬೀಸಿದ ವಾರದಲ್ಲಿ ಲೋಕವೆಲ್ಲ ಆ ದ್ವೀಪದ ಕಡೆಗೆ ನೋಡುವದು. ಆರು ತಿಂಗಳು ಕಳೆದ ಮೇಲೆ ವೃತ್ತಾಂತಪತ್ರಗಳು ಬೇರೆ ಸುದ್ದಿಯನ್ನು ಹೇಳುವವು. ಆದರೆ ಶಾಲೆಯ ಮಾಡು ಇನ್ನೂ ಟಾರ್ಪಾಲಿನದೇ ಆಗಿರುವದು, ಮಕ್ಕಳಿಗೆ ಪುಸ್ತಕಗಳಿರುವದಿಲ್ಲ. ದೊಡ್ಡ ಹಡಗುಗಳು ಹೊರಟುಹೋದ ಆ ಕಾಲವೇ ಪ್ರಯಾಣಿಕನ ಚಿಕ್ಕ ಗಂಟಿಗೆ ತಕ್ಕ ಕಾಲ. ನೆನಪಿಟ್ಟುಕೊಂಡು ಹಿಂತಿರುಗಿ ಬರುವವನೇ ನಿಜವಾದ ನೆಂಟನು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಮುಂದೆ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದೂರದೇಶಗಳಿಗೆ ಹೋಗಬಹುದು. ಹೆಚ್ಚಿನವರು ಈ ಊರುಗಳಲ್ಲಿಯೇ ಸಂಸಾರವನ್ನು ನಡಿಸುವಿರಿ. ಎಲ್ಲಿದ್ದರೂ ನೆರೆಯಿಂದಲೋ ಬೆಂಕಿಯಿಂದಲೋ ಮನೆ ಕಳಕೊಂಡವರು ನಿಮಗೆ ಎದುರಾಗುವರು. ಆಗ ಕಪಾಟನ್ನು ತೆರೆದು ನಮಗೆ ಬೇಡವಾದದ್ದು ಯಾವದೆಂದು ಹುಡುಕುವ ಮೊದಲು, ಅವರ ಹತ್ತಿರಕ್ಕೆ ಹೋಗಿ, ನಿಮಗೆ ಬೇಕಾದದ್ದು ಯಾವದೆಂದು ಕೇಳಿರಿ. ಆ ಒಂದು ಪ್ರಶ್ನೆಯಲ್ಲಿ ಈ ಪಾಠದ ಸಾರವೆಲ್ಲ ಅಡಗಿರುವದು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ದೊಡ್ಡ ದೇಶಕ್ಕಿಂತ ಚಿಕ್ಕ ದ್ವೀಪಕ್ಕೆ ಬಿರುಗಾಳಿಯಿಂದ ಹೆಚ್ಚು ಕಷ್ಟವಾಗುವದಕ್ಕೆ ಕಾರಣವೇನು?

೨. ಸುಣ್ಣಕಲ್ಲಿನ ದ್ವೀಪದಲ್ಲಿ ಸಿಹಿನೀರು ಎಲ್ಲಿ ನಿಲ್ಲುವದು? ಸಮುದ್ರವು ನುಗ್ಗಿದಾಗ ಅದಕ್ಕೆ ಏನಾಗುವದು? ಚಿತ್ರವನ್ನು ಬರೆದು ತೋರಿಸಿರಿ.

೩. ಭೂಪಟದಲ್ಲಿ ಬಾರ್ಬುಡಾ, ಡೊಮಿನಿಕಾ, ಅಬಾಕೋ, ಕ್ಯಾರಿಯಾಕೂ, ಫಿಜಿ ಇವುಗಳನ್ನು ಗುರುತಿಸಿರಿ.

೪. ಹೊಂಡುರಾಸಿಗೆ ಬಂದ ಕೋಟುಗಳಿಂದ ಉಂಟಾದ ಕೇಡು ಯ���ವದು? ಕೊಟ್ಟವರು ಏನನ್ನು ವಿಚಾರಿಸಿದ್ದರೆ ಅದು ತಪ್ಪುತ್ತಿತ್ತು?

೫. ಮನೆ ಕಳಕೊಂಡ ಒಂದು ಕುಟುಂಬಕ್ಕೆ ಎರಡೂಕಾಲು ಕಿಲೋಗ್ರಾಮಿನೊಳಗೆ ಒಯ್ಯಬಹುದಾದ ವಸ್ತುಗಳ ಪಟ್ಟಿಯನ್ನು ಮಾಡಿರಿ. ಬಳಿಕ ಆ ಕುಟುಂಬದವರನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿರಿ.